ಶರೀರದಿಂದ ಶರೀರಕ್ಕೆ: ಕಸಿಯ ಅಂಗಗಳನ್ನು ಕಾಪಿಡುವ ವಿದ್ಯೆ

ಅಂಗಾಂಗ ಕಸಿಯ ಸುದ್ದಿ ಬಂದಾಗಲೆಲ್ಲ ಜನರ ಗಮನ ಎರಡು ಕಡೆಗೆ ಹರಿಯುತ್ತದೆ: ದುಃಖದ ನಡುವೆಯೂ ದಾನಕ್ಕೆ ಒಪ್ಪಿಗೆ ಕೊಟ್ಟ ಕುಟುಂಬದ ಕಡೆಗೆ, ಮತ್ತು ಆ ಅಂಗವನ್ನು ಇನ್ನೊಂದು ಶರೀರದಲ್ಲಿ ಕೂಡಿಸಿದ ಶಸ್ತ್ರವೈದ್ಯರ ಕಡೆಗೆ. ಈ ಎರಡರ ನಡುವೆ ಅಂಗವು ಯಾರ ಶರೀರದಲ್ಲಿಯೂ ಇಲ್ಲದ ಕೆಲವು ಗಂಟೆಗಳಿರುತ್ತವೆ. ಆ ಗಂಟೆಗಳಲ್ಲಿ ಅದಕ್ಕೆ ರಕ್ತವಿಲ್ಲ, ಆಮ್ಲಜನಕವಿಲ್ಲ, ಆದರೂ ಅದು ಸಾಯಬಾರದು. ಮಂಜಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಹೃದಯವು ನಾಲ್ಕರಿಂದ ಆರು ಗಂಟೆ, ಶ್ವಾಸಕೋಶವು ಆರರಿಂದ ಎಂಟು ಗಂಟೆ, ಲಿವರ್ ಎಂದು ಎಲ್ಲರೂ ಕರೆಯುವ ಯಕೃತ್ತು ಸುಮಾರು ಹನ್ನೆರಡು ಗಂಟೆ, ಮೂತ್ರಪಿಂಡವು ಒಂದು ದಿನ ಅಥವಾ ಅದಕ್ಕಿಂತ ತುಸು ಹೆಚ್ಚು ಕಾಲ ಕಸಿಗೆ ಯೋಗ್ಯವಾಗಿ ಉಳಿಯುತ್ತವೆ. ಈ ಕೆಲವೇ ಅಂಕಿಗಳು ಆಸ್ಪತ್ರೆಯ ಗೋಡೆಗಳಾಚೆಗೂ ಆಳ್ವಿಕೆ ನಡೆಸುತ್ತವೆ. ಒಂದು ಊರಿನಲ್ಲಿ ದೊರೆತ ಹೃದಯ ಯಾವ ಊರಿನ ರೋಗಿಗೆ ಸಿಗಬಹುದು, ಯಾರಿಗೆ ಸಿಗಲಾರದು, ಶಸ್ತ್ರಚಿಕಿತ್ಸೆ ನಡುರಾತ್ರಿಯಲ್ಲಿ ನಡೆಯಬೇಕೋ ಬೆಳಗಿನವರೆಗೆ ಕಾಯಬಹುದೋ ಎಂಬುದನ್ನೆಲ್ಲ ತೀರ್ಮಾನಿಸುವುದು ಇವೇ ಅಂಕಿಗಳು. ಅಂಗಸಂರಕ್ಷಣೆಯನ್ನು ಕಸಿಶಾಸ್ತ್ರದ ಒಂದು ಸಣ್ಣ ಅನುಬಂಧವೆಂದು ಕಾಣುವ ರೂಢಿ ವೈದ್ಯರಲ್ಲಿಯೂ ಉಂಟು. ವಾಸ್ತವದಲ್ಲಿ ಆ ಶಾಸ್ತ್ರದ ಎಲ್ಲೆಯನ್ನು ಗೆರೆ ಎಳೆದು ತೋರಿಸುವುದು ಅದೇ.

ರಕ್ತ ನಿಂತೊಡನೆ ಅಂಗದೊಳಗೆ ಏನಾಗುತ್ತದೆ ಎಂಬುದನ್ನು ತಿಳಿಯದೆ ಸಂರಕ್ಷಣೆಯ ಉಪಾಯಗಳು ಅರ್ಥವಾಗುವುದಿಲ್ಲ. ಪ್ರತಿಯೊಂದು ಜೀವಕೋಶದ ಒಳಗೆ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಹೊರಗಿನ ದ್ರವದಲ್ಲಿ ಇದರ ತಿರುಗುಮುರುಗು. ಈ ಅಸಮತೆ ತಾನಾಗಿ ಉಳಿಯುವಂಥದಲ್ಲ, ಏಕೆಂದರೆ ಸೋಡಿಯಂ ಸದಾ ಒಳಗೆ ಜಿನುಗುತ್ತಲೇ ಇರುತ್ತದೆ. ಸೋರುವ ದೋಣಿಯಿಂದ ಬಿಡುವಿಲ್ಲದೆ ನೀರು ಮೊಗೆದು ಚೆಲ್ಲುವ ಅಂಬಿಗನಂತೆ, ಕೋಶದ ಪೊರೆಯಲ್ಲಿ ಪಂಪಿನಂತಿರುವ ಒಂದು ಪ್ರೋಟೀನು ಆ ಸೋಡಿಯಂ ಅನ್ನು ಹೊರಹಾಕುತ್ತ, ಪೊಟ್ಯಾಸಿಯಂ ಅನ್ನು ಒಳಗೆಳೆದುಕೊಳ್ಳುತ್ತ ಇರುತ್ತದೆ. ಈ ದುಡಿಮೆಗೆ ಬೇಕಾದ ಶಕ್ತಿ ಎಟಿಪಿ ಎಂಬ ಅಣುವಿನಿಂದ ಬರುತ್ತದೆ, ಎಟಿಪಿಯನ್ನು ಬೇಕಾದಷ್ಟು ಉತ್ಪಾದಿಸಲು ಆಮ್ಲಜನಕ ಬೇಕು. ಆಮ್ಲಜನಕ ನಿಂತರೆ ಎಟಿಪಿ ಬರಿದಾಗಿ, ಪಂಪು ನಿಂತು, ಸೋಡಿಯಂ ಒಳನುಗ್ಗಿ, ಅದರ ಬೆನ್ನಿಗೆ ನೀರೂ ನುಗ್ಗಿ ಕೋಶವು ಊದಿಕೊಳ್ಳುತ್ತದೆ. ಆಮ್ಲಜನಕವಿಲ್ಲದೆಯೇ ಸಕ್ಕರೆಯನ್ನು ಒಡೆಯುವ ಅರೆಬರೆ ಪ್ರಯತ್ನದಿಂದ ಲ್ಯಾಕ್ಟಿಕ್ ಆಮ್ಲ ಶೇಖರವಾಗುತ್ತದೆ. ಕ್ಯಾಲ್ಸಿಯಂ ಎಲ್ಲೆ ಮೀರಿ ಕೋಶದೊಳಗಿನ ಕಿಣ್ವಗಳನ್ನು ಕೆರಳಿಸುತ್ತದೆ. ಶರೀರದ ಸಹಜ ಉಷ್ಣತೆಯಲ್ಲಿ ಈ ಅನಾಹುತ ನಿಮಿಷಗಳ ಲೆಕ್ಕದಲ್ಲಿ ಮುಂದುವರಿಯುತ್ತದೆ. ಉಷ್ಣತೆಯನ್ನು ಹತ್ತು ಡಿಗ್ರಿ ಇಳಿಸಿದಾಗಲೆಲ್ಲ ರಾಸಾಯನಿಕ ಕ್ರಿಯೆಗಳ ವೇಗ ಅರ್ಧಕ್ಕೋ ಅದಕ್ಕಿಂತ ಕೆಳಗೋ ಕುಸಿಯುವುದರಿಂದ, ನಾಲ್ಕು ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಂಗದ ಹಸಿವು ಸಹಜ ಸ್ಥಿತಿಯ ಹತ್ತನೆಯ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಶೀತದ ಉಪಕಾರ ಇಷ್ಟೇ: ಅದು ಸಾವನ್ನು ತಡೆಯುವುದಿಲ್ಲ, ನಿಧಾನಗೊಳಿಸುತ್ತದೆ. ಅದರ ಜೊತೆಗೆ ಒಂದು ಅಪಕಾರವನ್ನೂ ಮಾಡುತ್ತದೆ, ಏಕೆಂದರೆ ಪಂಪಿನ ಕೆಲಸವೂ ಚಳಿಗೆ ಮಂದವಾಗುವುದರಿಂದ ಬರಿಯ ತಂಪು ಕೋಶವನ್ನು ಊತದಿಂದ ಕಾಪಾಡಲಾರದು.

ಇನ್ನೊಂದು ಸಂಗತಿ ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಹಸಿದ ಅಂಗಕ್ಕೆ ಹೆಚ್ಚಿನ ಪೆಟ್ಟು ಬೀಳುವುದು ಉಪವಾಸದ ಗಂಟೆಗಳಲ್ಲಿ ಮಾತ್ರವಲ್ಲ, ಉಪವಾಸ ಮುರಿಯುವ ಮೊದಲ ನಿಮಿಷಗಳಲ್ಲಿಯೂ ಹೌದು. ಹೊಸ ಶರೀರದ ರಕ್ತ ಒಳಹರಿಯುತ್ತಲೇ, ಎಟಿಪಿ ಒಡೆದು ಶೇಖರವಾಗಿದ್ದ ತ್ಯಾಜ್ಯಗಳ ಮೇಲೆ ಆಮ್ಲಜನಕ ಒಮ್ಮೆಲೇ ಎರಗಿ, ಕಂಡಕಂಡದ್ದನ್ನೆಲ್ಲ ಸುಡುವ ಉಗ್ರ ಅಣುಗಳು ಹುಟ್ಟಿಕೊಳ್ಳುತ್ತವೆ. ರಕ್ತನಾಳಗಳ ಒಳಪದರ ಹಾಳಾಗುತ್ತದೆ, ಬಿಳಿ ರಕ್ತಕಣಗಳು ಅಲ್ಲಿ ಮುತ್ತಿಕೊಳ್ಳುತ್ತವೆ, ಉರಿಯೂತ ಆರಂಭವಾಗುತ್ತದೆ. ಇದನ್ನು ಮರುಹರಿವಿನ ಹಾನಿ ಎಂದು ಕರೆಯಬಹುದು. ಕಸಿಯಾದ ಮೂತ್ರಪಿಂಡವು ಕೆಲವು ದಿನ ಮೂತ್ರವನ್ನೇ ತಯಾರಿಸದೆ ರೋಗಿಯನ್ನು ಮತ್ತೆ ಡಯಾಲಿಸಿಸ್‌ಗೆ ತಳ್ಳುವುದಕ್ಕೂ, ಕೂಡಿಸಿದ ಹೃದಯ ಮೊದಲ ದಿನ ಸೊರಗುವುದಕ್ಕೂ ಮುಖ್ಯ ಕಾರಣ ಇದೇ. ಆದ್ದರಿಂದ ಉತ್ತಮ ಸಂರಕ್ಷಣೆ ಎಂದರೆ ಕಾಯುವ ಹೊತ್ತನ್ನು ದಾಟಿಸುವುದಷ್ಟೇ ಅಲ್ಲದೆ, ಮರಳಿ ಬರುವ ರಕ್ತವನ್ನು ತಾಳಿಕೊಳ್ಳುವಂತೆ ಅಂಗವನ್ನು ಸಿದ್ಧಗೊಳಿಸುವುದೂ ಆಗಬೇಕಾಗುತ್ತದೆ.

ಈ ವಿದ್ಯೆಯ ಇತಿಹಾಸವು ಎರಡು ದಾರಿಗಳ ನಡುವಿನ ಓಲಾಟ. ಒಂದು ದಾರಿಯಲ್ಲಿ ಅಂಗಕ್ಕೆ ಉಣಿಸುತ್ತ ಅದನ್ನು ಬದುಕಿಸಿಕೊಳ್ಳಬೇಕು, ಇನ್ನೊಂದರಲ್ಲಿ ತಣ್ಣಗಾಗಿಸಿ ಮಲಗಿಸಬೇಕು. ಮೊದಲ ದಾರಿ ಹಿಡಿದವನು ಫ್ರಾನ್ಸಿನ ಲಿಯಾನ್ ನಗರದಿಂದ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ರಾಕೆಫೆಲ್ಲರ್ ಸಂಸ್ಥೆಯಲ್ಲಿ ನೆಲೆಸಿದ ಅಲೆಕ್ಸಿಸ್ ಕ್ಯಾರಲ್. ಸೂಕ್ಷ್ಮ ರಕ್ತನಾಳಗಳನ್ನು ಸೋರದಂತೆ ಹೊಲಿಯುವ ಕ್ರಮವನ್ನು ರೂಪಿಸಿ, ನಾಯಿ ಬೆಕ್ಕುಗಳಲ್ಲಿ ಅಂಗಗಳನ್ನೂ ಕಾಲುಗಳನ್ನೂ ಕಸಿಮಾಡುವ ಪ್ರಯೋಗ ನಡೆಸಿ, 1912ರಲ್ಲಿ ನೊಬೆಲ್ ಪಡೆದ ಈ ವೈದ್ಯನಿಗೆ ಜೊತೆಯಾದವನು ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ನಿಲ್ಲದೆ ಹಾರಿ ದಾಟಿದ ವಿಮಾನ ಚಾಲಕ ಚಾರ್ಲ್ಸ್ ಲಿಂಡ್‌ಬರ್ಗ್. ಅತ್ತಿಗೆಯ ಹೃದ್ರೋಗವನ್ನು ಕಂಡು ಶರೀರದ ಹೊರಗೆ ರಕ್ತಪ್ರವಾಹವನ್ನು ನಡೆಸುವ ಯಂತ್ರ ಏಕಿಲ್ಲವೆಂದು ಯೋಚಿಸಿದ ಆತ, ಸೂಕ್ಷ್ಮಜೀವಿಗಳು ಒಳಹೊಗದಂತೆ ಪೂರ್ತಿ ಗಾಜಿನಿಂದ ರೂಪಿಸಿದ ಪಂಪಿನಲ್ಲಿ ಬೆಕ್ಕಿನ ಥೈರಾಯ್ಡ್ ಗ್ರಂಥಿಯನ್ನು ದಿನಗಟ್ಟಲೆ ಜೀವಂತವಾಗಿಟ್ಟ ವರದಿ 1935ರಲ್ಲಿ ಪ್ರಕಟವಾಯಿತು. ಕ್ಯಾರಲ್‌ನ ಜನಾಂಗಶುದ್ಧಿಯ ವಿಚಾರಗಳು ಆತನ ಹೆಸರಿಗೆ ಮಸಿ ಬಳಿದವೆಂಬುದು ಬೇರೆ ಮಾತು. ಆ ಗಾಜಿನ ಪಂಪು ಮಾತ್ರ ಕಾಲಕ್ಕಿಂತ ಬಹಳ ಮುಂದಿತ್ತು. ಮನುಷ್ಯರಲ್ಲಿ ಯಶಸ್ವಿಯಾದ ಮೊದಲ ಮೂತ್ರಪಿಂಡ ಕಸಿ, ಅದೂ ಅವಳಿ ಸಹೋದರರ ನಡುವೆ, ಬೋಸ್ಟನ್‌ನಲ್ಲಿ ಜೋಸೆಫ್ ಮರ‍್ರೆಯವರಿಂದ ನಡೆದದ್ದು 1954ರಲ್ಲಿ. ಅಲ್ಲಿಯವರೆಗೆ ಕಾಪಿಡಬೇಕಾದ ಅಂಗವೇ ಇರಲಿಲ್ಲ.

ಮೃತ ದಾನಿಗಳ ಮೂತ್ರಪಿಂಡಗಳು ಬಳಕೆಗೆ ಬಂದ ಮೇಲೆ ಪ್ರಶ್ನೆ ತುರ್ತಿನದಾಯಿತು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿದ್ದ ಫೋಲ್ಕರ್ಟ್ ಬೆಲ್ಜರ್ 1967ರಲ್ಲಿ ತಣ್ಣನೆಯ ರಕ್ತರಸವನ್ನು ಪಂಪಿನಿಂದ ಹಾಯಿಸುತ್ತ ನಾಯಿಯ ಮೂತ್ರಪಿಂಡಗಳನ್ನು ಮೂರು ದಿನಗಳವರೆಗೆ ಉಳಿಸಿ ತೋರಿಸಿದರು. ಎರಡೇ ವರ್ಷಗಳಲ್ಲಿ, ಅಂದರೆ 1969ರಲ್ಲಿ, ಲಾಸ್ ಏಂಜಲೀಸ್‌ನ ಜೆಫ್ರಿ ಕಾಲಿನ್ಸ್ ಮತ್ತು ಸಂಗಡಿಗರು ಯಂತ್ರವೇ ಬೇಡವೆಂಬಂಥ ದಾರಿಯನ್ನು ಮುಂದಿಟ್ಟರು: ಕೋಶದ ಒಳಗಿನ ದ್ರವವನ್ನು ಹೋಲುವ, ಪೊಟ್ಯಾಸಿಯಂ ಹೆಚ್ಚಿರುವ ತಣ್ಣನೆಯ ದ್ರಾವಣದಿಂದ ಮೂತ್ರಪಿಂಡವನ್ನು ತೊಳೆದು ಮಂಜಿನಲ್ಲಿಟ್ಟರೆ ಮೂವತ್ತು ಗಂಟೆ ಉಳಿಯುತ್ತದೆ. ಒಳಗೂ ಹೊರಗೂ ಒಂದೇ ಬಗೆಯ ಲವಣಗಳಿದ್ದರೆ ಸೋರಿಕೆಗೆ ಎಡೆಯಿಲ್ಲ ಎಂಬುದು ಅದರ ಹಿಂದಿನ ತರ್ಕ. ಭಾರವಾದ, ಕೆಟ್ಟುಹೋಗಬಲ್ಲ ಯಂತ್ರವೊಂದನ್ನು ವಿಮಾನದಲ್ಲಿ ಹೊತ್ತೊಯ್ಯುವುದಕ್ಕಿಂತ ಮೀನು ಸಾಗಿಸುವಂಥ ಒಂದು ಐಸ್ ಪೆಟ್ಟಿಗೆ ಯಾರ ಕೈಗಾದರೂ ಎಟುಕುವಂತಿದ್ದುದರಿಂದ ಪೆಟ್ಟಿಗೆಯೇ ಗೆದ್ದಿತು, ಮುಂದಿನ ಮೂರು ದಶಕಗಳವರೆಗೆ ಗೆಲ್ಲುತ್ತಲೇ ಹೋಯಿತು. ಆ ಗೆಲುವನ್ನು ಪೂರ್ಣಗೊಳಿಸಿದವರೂ ಪಂಪಿನ ಪಕ್ಷಪಾತಿಯಾಗಿದ್ದ ಬೆಲ್ಜರ್ ಅವರೇ ಎಂಬುದು ಈ ಇತಿಹಾಸದ ಒಂದು ಸ್ವಾರಸ್ಯ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೋದ ಬೆಲ್ಜರ್, ಜೀವರಸಾಯನ ತಜ್ಞ ಜೇಮ್ಸ್ ಸದರ್ಡ್ ಅವರೊಡನೆ 1980ರ ದಶಕದಲ್ಲಿ ಸಿದ್ಧಪಡಿಸಿದ ದ್ರಾವಣವು ಇಂದಿಗೂ ಜಗತ್ತಿನಾದ್ಯಂತ ಯುಡಬ್ಲ್ಯು ಎಂಬ ಹೆಸರಿನಿಂದ ಬಳಕೆಯಲ್ಲಿದೆ. ಅದರ ಪ್ರತಿಯೊಂದು ಘಟಕಕ್ಕೂ ಒಂದೊಂದು ಹೊಣೆಯಿದೆ. ಲ್ಯಾಕ್ಟೊಬಯೊನೇಟ್ ಮತ್ತು ರ‍್ಯಾಫಿನೋಸ್ ಎಂಬ ದೊಡ್ಡ ಅಣುಗಳು ಕೋಶದೊಳಗೆ ನುಗ್ಗಲಾರದೆ ಹೊರಗೇ ಉಳಿದು ನೀರನ್ನು ತಮ್ಮ ಕಡೆ ಹಿಡಿದಿಟ್ಟುಕೊಳ್ಳುವುದರಿಂದ ಊತ ತಗ್ಗುತ್ತದೆ. ಕಾಲಿನ್ಸ್ ಬಳಸಿದ ಗ್ಲೂಕೋಸ್ ಲಿವರ್‌ನಂಥ ಅಂಗದ ಕೋಶಗಳೊಳಗೆ ಸುಲಭವಾಗಿ ಹೊಕ್ಕುಬಿಡುತ್ತಿದ್ದುದರಿಂದ ಈ ಬದಲಾವಣೆ ಬೇಕಾಗಿತ್ತು. ಪಿಷ್ಟದಿಂದ ಮಾಡಿದ ಇನ್ನೊಂದು ದೊಡ್ಡ ಅಣು ಕೋಶಗಳ ನಡುವಿನ ಜಾಗದಲ್ಲಿ ನೀರು ತುಂಬದಂತೆ ನೋಡಿಕೊಳ್ಳುತ್ತದೆ. ಅಡಿನೋಸಿನ್ ಮುಂದೆ ಎಟಿಪಿಯನ್ನು ಮತ್ತೆ ಕಟ್ಟಿಕೊಳ್ಳಲು ಸಾಮಗ್ರಿಯಾಗುತ್ತದೆ. ಗ್ಲುಟಥಯೋನ್ ಮತ್ತು ಗೌಟ್ ಎಂಬ ಕೀಲುನೋವಿನ ಮಾತ್ರೆಯಾಗಿ ಹಲವರಿಗೆ ಪರಿಚಿತವಾದ ಅಲೋಪ್ಯೂರಿನಾಲ್, ಈ ಎರಡೂ ಮರುಹರಿವಿನ ಉಗ್ರ ಅಣುಗಳ ವಿರುದ್ಧ ಮುಂಚಿತವಾಗಿ ಇಟ್ಟ ಕಾವಲು. ಅದುವರೆಗೆ ಎಂಟು ಗಂಟೆಯೊಳಗೆ ಕೂಡಿಸಬೇಕಾಗಿದ್ದ ಲಿವರ್ ಈ ದ್ರಾವಣದಿಂದಾಗಿ ಅದಕ್ಕಿಂತ ಬಹಳ ಹೆಚ್ಚು ಹೊತ್ತು ಉಳಿಯತೊಡಗಿದಾಗ, ಲಿವರ್ ಕಸಿಯು ನಡುರಾತ್ರಿಯ ಓಟವಾಗಿದ್ದುದು ಬಹುಮಟ್ಟಿಗೆ ಯೋಜಿಸಿ ಮಾಡಬಹುದಾದ ಚಿಕಿತ್ಸೆಯಾಗಿ ಮಾರ್ಪಟ್ಟಿತು. ಹೃದಯ ಚಿಕಿತ್ಸೆಗೆಂದು ಜರ್ಮನಿಯ ಬ್ರೆಟ್‌ಶ್ನೈಡರ್ ರೂಪಿಸಿದ, ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವು ಆಮ್ಲೀಯತೆಯನ್ನು ಹೀರಿಕೊಳ್ಳುವ ಇನ್ನೊಂದು ದ್ರಾವಣವೂ ಇದರ ಪಕ್ಕದಲ್ಲಿಯೇ ಬಳಕೆಯಾಗುತ್ತಿದೆ.

ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಈ ಕೆಲಸ ನಡೆಯುವ ಕ್ರಮ ನಿಯತವಾದದ್ದು. ಮಿದುಳಿನ ಸಾವು ದೃಢಪಟ್ಟ, ಆದರೆ ವೆಂಟಿಲೇಟರಿನ ನೆರವಿನಿಂದ ಹೃದಯ ಬಡಿಯುತ್ತಿರುವ ದಾನಿಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಮಹಾಪಧಮನಿಗೆ ನಳಿಕೆ ತೂರಿಸಿ, ರಕ್ತಪ್ರವಾಹವನ್ನು ತಡೆದ ಕ್ಷಣದಲ್ಲಿಯೇ ತಣ್ಣನೆಯ ದ್ರಾವಣವನ್ನು ಹರಿಯಬಿಡಲಾಗುತ್ತದೆ. ಹೊಟ್ಟೆಯ ಕುಹರಕ್ಕೆ ಪುಡಿಮಾಡಿದ ಮಂಜನ್ನು ತುಂಬಲಾಗುತ್ತದೆ. ಅಂಗದಿಂದ ಹೊರಬರುವ ದ್ರವದಲ್ಲಿ ರಕ್ತದ ಬಣ್ಣ ಮಾಯವಾಗುವವರೆಗೆ ತೊಳೆದು, ಬೇರ್ಪಡಿಸಿ, ದ್ರಾವಣ ತುಂಬಿದ ಕ್ರಿಮಿರಹಿತ ಚೀಲದಲ್ಲಿಟ್ಟು, ಅದನ್ನು ಇನ್ನೊಂದು, ಮತ್ತೊಂದು ಚೀಲದೊಳಗಿರಿಸಿ ಐಸ್ ಪೆಟ್ಟಿಗೆಗೆ ಸೇರಿಸುತ್ತಾರೆ. ಮಂಜುಗಡ್ಡೆ ಅಂಗಕ್ಕೆ ನೇರವಾಗಿ ತಗುಲಬಾರದು, ತಗುಲಿದ ಕಡೆ ಹಿಮದ ಗಾಯವಾಗುತ್ತದೆ. ಶ್ವಾಸಕೋಶದ ಬಗೆ ಸ್ವಲ್ಪ ಬೇರೆ. ಅದನ್ನು ಆಮ್ಲಜನಕ ಬೆರೆತ ಗಾಳಿಯಿಂದ ಅರೆಯುಬ್ಬಿಸಿಯೇ ಮುಚ್ಚಿ ಸಾಗಿಸುವುದರಿಂದ, ರಕ್ತವಿಲ್ಲದಿದ್ದರೂ ತನ್ನೊಳಗಿನ ಗಾಳಿಯಿಂದಲೇ ಅದು ಉಸಿರು ಹಿಡಿದುಕೊಂಡಿರುತ್ತದೆ. ನಾಲ್ಕು ಡಿಗ್ರಿಗಿಂತ ಹತ್ತು ಡಿಗ್ರಿಯ ತಂಪೇ ಅದಕ್ಕೆ ಹಿತವೆಂದು ಟೊರಾಂಟೊದ ವೈದ್ಯರು ಇತ್ತೀಚಿನ ವರ್ಷಗಳಲ್ಲಿ ತೋರಿಸಿರುವುದು, ತಂಪು ಹೆಚ್ಚಿದಷ್ಟೂ ಒಳ್ಳೆಯದೆಂಬ ಹಳೆಯ ನಂಬಿಕೆಯನ್ನು ಅಲುಗಿಸಿದೆ.

ಮಂಜಿನ ಪೆಟ್ಟಿಗೆಯ ದೊಡ್ಡ ಕೊರತೆಯೆಂದರೆ ಅದರೊಳಗೆ ಮಲಗಿದ ಅಂಗ ಏನನ್ನೂ ಹೇಳುವುದಿಲ್ಲ. ಅದು ಎಚ್ಚರಗೊಂಡ ಮೇಲೆ ದುಡಿಯುತ್ತದೆಯೋ ಇಲ್ಲವೋ ಎಂಬುದು ತಿಳಿಯುವುದು ರೋಗಿಯ ಹೊಟ್ಟೆಯಲ್ಲಿ ಹೊಲಿದ ಮೇಲೆ. ದಾನಿಗಳ ವಯಸ್ಸು ಏರುತ್ತ, ಕೊಬ್ಬು ತುಂಬಿದ ಲಿವರ್‌ಗಳನ್ನೂ ಹೃದಯ ನಿಂತ ಮೇಲೆ ತೆಗೆದ ಅಂಗಗಳನ್ನೂ ಪರಿಗಣಿಸಬೇಕಾದ ಸ್ಥಿತಿ ಬಂದಂತೆ ಈ ಮೌನ ದುಬಾರಿಯಾಯಿತು, ಪಂಪು ಮತ್ತೆ ಮುನ್ನೆಲೆಗೆ ಬಂತು. ಯುರೋಪಿನ ಅಧ್ಯಯನವೊಂದರಲ್ಲಿ 336 ದಾನಿಗಳಿಂದ ಪಡೆದ ತಲಾ ಎರಡು ಮೂತ್ರಪಿಂಡಗಳ ಪೈಕಿ ಒಂದನ್ನು ಮಂಜಿನಲ್ಲಿಯೂ ಇನ್ನೊಂದನ್ನು ತಣ್ಣನೆಯ ದ್ರವ ಹಾಯಿಸುವ ಯಂತ್ರದಲ್ಲಿಯೂ ಇಟ್ಟು ಹೋಲಿಸಿದಾಗ, ಯಂತ್ರದಲ್ಲಿದ್ದವು ಬೇಗ ಕೆಲಸ ಆರಂಭಿಸಿದವು, ಒಂದು ವರ್ಷದ ಕೊನೆಗೆ ಅವುಗಳಲ್ಲಿ 94 ಪ್ರತಿಶತ ಉಳಿದಿದ್ದರೆ ಮಂಜಿನವು 90 ಪ್ರತಿಶತ ಉಳಿದಿದ್ದವು ಎಂದು 2009ರಲ್ಲಿ ಪ್ರಕಟವಾಯಿತು. ಒಬ್ಬನೇ ದಾನಿಯ ಎರಡು ಮೂತ್ರಪಿಂಡಗಳನ್ನು ಎದುರುಬದುರು ಇಟ್ಟು ನೋಡಿದ ಈ ಏರ್ಪಾಡಿನ ಸರಳತೆ ಮೆಚ್ಚತಕ್ಕದ್ದು, ಏಕೆಂದರೆ ವಯಸ್ಸು, ರೋಗ, ಸಾವಿನ ಬಗೆ ಎಂಬ ತೊಡಕುಗಳೆಲ್ಲ ಅಲ್ಲಿ ತಾವಾಗಿಯೇ ಕಳಚಿಹೋಗುತ್ತವೆ.

ಆಕ್ಸ್‌ಫರ್ಡಿನ ಪೀಟರ್ ಫ್ರೆಂಡ್ ಮತ್ತು ಎಂಜಿನಿಯರ್ ಕಾನ್‌ಸ್ಟಂಟಿನ್ ಕೌಸಿಯೊಸ್ ಅವರ ಯಂತ್ರವು ಇನ್ನೊಂದು ಹೆಜ್ಜೆ ಮುಂದೆ ಹೋಗಿ ತಂಪನ್ನೇ ಕೈಬಿಟ್ಟಿತು; ಅದರಲ್ಲಿ ಲಿವರ್ ಶರೀರದ ಸಹಜ ಉಷ್ಣತೆಯಲ್ಲಿ, ರಕ್ತವನ್ನೂ ಆಮ್ಲಜನಕವನ್ನೂ ಪೋಷಕಾಂಶಗಳನ್ನೂ ಪಡೆಯುತ್ತ, ಪಿತ್ತರಸವನ್ನು ಸ್ರವಿಸುತ್ತ ಇರುತ್ತದೆ. 220 ಲಿವರ್ ಕಸಿಗಳ ಪರೀಕ್ಷೆಯ ಫಲಿತಾಂಶ 2018ರಲ್ಲಿ ಪ್ರಕಟವಾದಾಗ, ಅಂಗದ ಹಾನಿಯನ್ನು ಸೂಚಿಸುವ ಕಿಣ್ವದ ಮಟ್ಟವೂ, ಬಳಸದೆ ಎಸೆಯಬೇಕಾಗಿ ಬಂದ ಲಿವರ್‌ಗಳ ಪ್ರಮಾಣವೂ ಮಂಜಿನ ಕ್ರಮಕ್ಕಿಂತ ಅರ್ಧದಷ್ಟು ಕಡಿಮೆಯಾಗಿದ್ದವು, ಅದೂ ಸಂರಕ್ಷಣೆಯ ಅವಧಿ ಸರಾಸರಿ 54 ಪ್ರತಿಶತ ದೀರ್ಘವಾಗಿದ್ದಾಗ. ಜ್ಯೂರಿಕ್‌ನ ಪಿಯೆರ್ ಅಲೆನ್ ಕ್ಲಾವಿಯೆನ್ ಅವರ ತಂಡ ಮನುಷ್ಯರ ಲಿವರ್‌ಗಳನ್ನು ಯಂತ್ರದಲ್ಲಿ ಒಂದು ವಾರ ಬದುಕಿಸಿತಲ್ಲದೆ, ಬೇರೆಲ್ಲ ಕೇಂದ್ರಗಳೂ ಬೇಡವೆಂದು ತಿರಸ್ಕರಿಸಿದ್ದ ಒಂದು ಲಿವರ್‌ಗೆ ಮೂರು ದಿನ ಅಲ್ಲಿಯೇ ಚಿಕಿತ್ಸೆ ನೀಡಿ 2021ರಲ್ಲಿ ರೋಗಿಗೆ ಕೂಡಿಸಿತು. ಸ್ವೀಡನ್ನಿನ ಲುಂಡ್‌ನಲ್ಲಿ ಸ್ಟಿಗ್ ಸ್ಟೀನ್ ಆರಂಭಿಸಿದ, ಟೊರಾಂಟೊದಲ್ಲಿ ಶಾಫ್ ಕೇಶವ್‌ಜಿ ಮತ್ತು ಮಾರ್ಸೆಲೊ ಸೈಪೆಲ್ ಬೆಳೆಸಿದ ಶ್ವಾಸಕೋಶದ ಯಂತ್ರವೂ ಇದೇ ಬಗೆಯದು. ನೀರು ತುಂಬಿ ಅನುಮಾನಕ್ಕೆ ಎಡೆಮಾಡಿದ ಶ್ವಾಸಕೋಶವನ್ನು ಪಾರದರ್ಶಕ ಗುಮ್ಮಟದಡಿ ಉಸಿರಾಡಿಸಿ, ನೀರನ್ನು ಹಿಂಗಿಸಿ, ಯೋಗ್ಯತೆಯನ್ನು ಅಳೆದು ನೋಡಿ ಕಸಿಗೆ ಕಳುಹಿಸಲಾಗುತ್ತದೆ. ಹೀಗೆ ಸಂರಕ್ಷಣೆಯ ಪೆಟ್ಟಿಗೆಯು ಮೆಲ್ಲನೆ ಒಂದು ಪರೀಕ್ಷಾಲಯವಾಗಿ, ಮತ್ತೆ ಒಂದು ಪುಟ್ಟ ಆಸ್ಪತ್ರೆಯಾಗಿ ಬದಲಾಗುತ್ತಿದೆ. ಇನ್ನೂ ಹೆಚ್ಚು ಗಂಟೆಗಳು ಸಿಕ್ಕಿರುವುದಕ್ಕಿಂತ ಈ ಬದಲಾವಣೆಯೇ ದೊಡ್ಡದೆಂದು ತೋರುತ್ತದೆ.

ಕೈಕಾಲುಗಳ ಸಂಗತಿ ಒಳಾಂಗಗಳಿಗಿಂತ ಜಟಿಲವಾದದ್ದು. ಲಿವರ್‌ನಲ್ಲಿ ಬಹುಪಾಲು ಒಂದೇ ಜಾತಿಯ ಕೋಶಗಳಿದ್ದರೆ, ಒಂದು ಮುಂಗೈಯಲ್ಲಿ ಚರ್ಮ, ಕೊಬ್ಬು, ಸ್ನಾಯು, ಸ್ನಾಯುರಜ್ಜು, ನರ, ಮೂಳೆ, ಮಜ್ಜೆ ಎಲ್ಲವೂ ಒಟ್ಟಿಗಿದ್ದು, ಒಂದೊಂದರ ತಾಳಿಕೆಯೂ ಬೇರೆಬೇರೆಯಾಗಿರುತ್ತದೆ. ಚರ್ಮ ಮತ್ತು ಮೂಳೆ ಬಹಳ ಹೊತ್ತು ರಕ್ತವಿಲ್ಲದೆ ತಡೆದುಕೊಳ್ಳುತ್ತವೆ. ಸ್ನಾಯು ಸಹಜ ಉಷ್ಣತೆಯಲ್ಲಿ ನಾಲ್ಕರಿಂದ ಆರು ಗಂಟೆಯೊಳಗೆ ಮರಳಿ ಬಾರದಂತೆ ಹಾಳಾಗುತ್ತದೆ. ಹೊರಗಿನಿಂದ ನೋಡಲು ಕೈ ಚೆನ್ನಾಗಿಯೇ ಇದ್ದು ಒಳಗೆ ಸ್ನಾಯು ಸತ್ತಿರಬಹುದಾದ್ದರಿಂದ ಕಣ್ಣಳತೆಯನ್ನು ಇಲ್ಲಿ ನಂಬುವಂತಿಲ್ಲ. ಸತ್ತ ಸ್ನಾಯುವಿಗೆ ರಕ್ತ ಮರಳಿದಾಗ ಅಲ್ಲಿ ಶೇಖರವಾಗಿದ್ದ ಪೊಟ್ಯಾಸಿಯಂ, ಆಮ್ಲ ಮತ್ತು ಮಯೋಗ್ಲೋಬಿನ್ ಎಂಬ ಪ್ರೋಟೀನು ಒಮ್ಮೆಲೇ ಶರೀರಕ್ಕೆ ಹರಿದು ಹೃದಯದ ಲಯವನ್ನು ಕೆಡಿಸಬಹುದು, ಮೂತ್ರಪಿಂಡಗಳನ್ನು ಕಟ್ಟಿಹಾಕಬಹುದು. ಕೆಟ್ಟ ಮೂತ್ರಪಿಂಡವನ್ನು ಕೂಡಿಸಿದರೆ ಅದು ದುಡಿಯುವುದಿಲ್ಲ, ಅಷ್ಟೆ. ಕೆಟ್ಟ ತೋಳನ್ನು ಕೂಡಿಸಿದರೆ ರೋಗಿಯ ಪ್ರಾಣಕ್ಕೇ ಸಂಚಕಾರ ಬರಬಹುದು.

ಕೈಕಾಲುಗಳನ್ನು ಕಾಪಿಡುವ ಪಾಠ ಮೊದಲು ಕಲಿತದ್ದು ಕಸಿಯಿಂದಲ್ಲ, ಅಪಘಾತಗಳಿಂದ. ಬೋಸ್ಟನ್‌ನಲ್ಲಿ ರೊನಾಲ್ಡ್ ಮಾಲ್ಟ್ 1962ರಲ್ಲಿ ರೈಲಿಗೆ ಸಿಕ್ಕು ತೋಳು ಕಡಿದುಹೋದ ಹುಡುಗನಿಗೆ ಅದೇ ತೋಳನ್ನು ಮರುಜೋಡಿಸಿದರು; ಮರುವರ್ಷ ಶಾಂಘಾಯ್‌ನಲ್ಲಿ ಚೆನ್ ಝೊಂಗ್‌ವೇಯ್ ಕಾರ್ಮಿಕನೊಬ್ಬನ ಕೈಯನ್ನು ಮರುಜೋಡಿಸಿದರು; ಜಪಾನಿನ ನಾರಾದಲ್ಲಿ ಕೊಮಾತ್ಸು ಮತ್ತು ತಮಾಯಿ 1965ರಲ್ಲಿ ಸೂಕ್ಷ್ಮದರ್ಶಕದ ನೆರವಿನಿಂದ ಹೆಬ್ಬೆರಳಿನ ಎಳೆಯಂಥ ರಕ್ತನಾಳಗಳನ್ನು ಹೊಲಿದರು. ಅಲ್ಲಿಂದ ನೆಲೆಗೊಂಡ ಲೆಕ್ಕದಂತೆ, ಸ್ನಾಯುವೇ ಇಲ್ಲದ ಬೆರಳು ತಂಪಿಲ್ಲದೆ ಹನ್ನೆರಡು ಗಂಟೆ, ತಂಪಿನಲ್ಲಿ ಒಂದು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಮರುಜೋಡಣೆಗೆ ಒದಗುತ್ತದೆ. ಸ್ನಾಯು ತುಂಬಿದ ತೋಳಿಗೆ ಇದರ ಅರ್ಧದಷ್ಟು ಅವಕಾಶವೂ ಕಷ್ಟ. ಕಬ್ಬಿನ ಗಾಣ, ಮೇವು ಕತ್ತರಿಸುವ ಯಂತ್ರ, ಕಾರ್ಖಾನೆಯ ಪ್ರೆಸ್ಸುಗಳ ನಡುವೆ ದುಡಿಯುವ ಜನರಿರುವಲ್ಲಿ ಈ ಜ್ಞಾನ ಆಸ್ಪತ್ರೆಗಿಂತ ಮೊದಲು ಮನೆಗಳಿಗೆ ತಲುಪಬೇಕಾದದ್ದು. ತುಂಡಾದ ಬೆರಳನ್ನು ಶುದ್ಧವಾದ, ಸ್ವಲ್ಪ ತೇವದ ಬಟ್ಟೆಯಲ್ಲಿ ಸುತ್ತಿ, ನೀರು ಹೊಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜು ಬೆರೆತ ನೀರಿನಲ್ಲಿಡಬೇಕು. ಜನ ಗಾಬರಿಯಲ್ಲಿ ಮಾಡುವಂತೆ ಅದನ್ನು ನೇರವಾಗಿ ಐಸ್ ಮೇಲೆ ಇಟ್ಟರೆ ಅಂಗಾಂಶ ಹೆಪ್ಪುಗಟ್ಟುತ್ತದೆ, ಬರಿ ನೀರಿನಲ್ಲಿ ಮುಳುಗಿಸಿದರೆ ನೆನೆದು ಊದುತ್ತದೆ, ಎರಡರಿಂದಲೂ ಜೋಡಿಸಬಹುದಾಗಿದ್ದ ಬೆರಳು ಕೈತಪ್ಪುತ್ತದೆ.

ಬೇರೊಬ್ಬರ ಕೈಯನ್ನು ಕಸಿಮಾಡುವ ಮೊದಲ ಯತ್ನ 1964ರಲ್ಲಿ ದಕ್ಷಿಣ ಅಮೆರಿಕದ ಈಕ್ವಡಾರ್‌ನಲ್ಲಿ ನಡೆದು, ಅಂದಿನ ದುರ್ಬಲ ಔಷಧಗಳಿಂದ ಶರೀರದ ಪ್ರತಿರೋಧವನ್ನು ತಡೆಯಲಾಗದೆ, ಕೆಲವೇ ವಾರಗಳಲ್ಲಿ ಆ ಕೈಯನ್ನು ತೆಗೆಯಬೇಕಾಯಿತು. 1998ರಲ್ಲಿ ಕ್ಯಾರಲ್ ಓದಿದ್ದ ಲಿಯಾನ್ ನಗರದಲ್ಲಿಯೇ ಜೀನ್ ಮಿಶೆಲ್ ಡ್ಯುಬರ್ನಾರ್ ಅವರ ತಂಡದ ಕಸಿ ತಾಂತ್ರಿಕವಾಗಿ ಯಶಸ್ವಿಯಾಯಿತಾದರೂ, ಔಷಧಗಳನ್ನು ನಿಲ್ಲಿಸಿದ ರೋಗಿಯ ಕೋರಿಕೆಯಂತೆಯೇ ಮುಂದೆ ಅದನ್ನು ತೆಗೆಯಲಾಯಿತು. ಭಾರತದ ಮೊದಲ ಕೈ ಕಸಿ 2015ರ ಜನವರಿಯಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ಡಾ. ಸುಬ್ರಮಣಿಯ ಅಯ್ಯರ್ ಅವರ ನೇತೃತ್ವದಲ್ಲಿ ಆಯಿತು. ಇಂಥ ಕಸಿಯಲ್ಲಿ ಕೈಯನ್ನು ಆರು ಗಂಟೆಯೊಳಗೆ, ಬಹಳವೆಂದರೆ ಹತ್ತು ಗಂಟೆ ಮೀರದಂತೆ ಕೂಡಿಸುವ ಗುರಿಯಿರುವುದರಿಂದ, ಒಂದೇ ದಾನಿಯ ಸುತ್ತ ಹೃದಯ, ಲಿವರ್, ಮೂತ್ರಪಿಂಡ ಮತ್ತು ಕೈಗಳ ತಂಡಗಳೆಲ್ಲ ಒಂದೇ ಗಡಿಯಾರ ನೋಡುತ್ತ ದುಡಿಯಬೇಕಾಗುತ್ತದೆ. ಪ್ರಾಣ ಉಳಿಸುವ ಅಂಗಗಳಿಗೆ ಕಿಂಚಿತ್ತೂ ಅಡ್ಡಿಯಾಗದಂತೆ ಕೈಗಳ ತಂಡ ನಡೆದುಕೊಳ್ಳಬೇಕೆಂಬುದು ಎಲ್ಲೆಡೆ ಪಾಲಿಸುವ ಕಟ್ಟಳೆ. ಮೃತದೇಹಕ್ಕೆ ಕೃತಕ ಕೈಗಳನ್ನು ಜೋಡಿಸಿ ಕುಟುಂಬಕ್ಕೆ ಒಪ್ಪಿಸುವ ರೂಢಿಯೂ ಇದರ ಜೊತೆಗಿದೆ, ಹೊರಗೆ ಕಾಣುವ ಅಂಗದ ದಾನಕ್ಕೆ ಒಪ್ಪುವುದು ಮೂತ್ರಪಿಂಡದ ದಾನಕ್ಕೆ ಒಪ್ಪಿದಷ್ಟು ಸುಲಭವಲ್ಲವೆಂಬ ಅರಿವು ಅದರ ಹಿಂದಿದೆ. ಕೈಗಳಿಗೂ ಪಂಪಿನ ಯಂತ್ರವನ್ನು ಒಗ್ಗಿಸುವ ಕೆಲಸ ನಡೆದಿದ್ದು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಹಂದಿಗಳ ಕಾಲುಗಳಲ್ಲಿ ಪ್ರಯೋಗ ಮಾಡಿ, ಅನಂತರ ಮನುಷ್ಯರ ಕೈಗಳನ್ನು 24 ಗಂಟೆ ಹರಿಯುವ ರಕ್ತದ್ರವದಿಂದ ಉಳಿಸಿದ ವರದಿ 2017ರಲ್ಲಿ ಬಂದಿದೆ. ವಿದ್ಯುತ್ತಿನ ಸ್ಪರ್ಶಕ್ಕೆ ಸ್ನಾಯು ಕುಗ್ಗುತ್ತದೆಯೇ ಎಂದು ಪರೀಕ್ಷಿಸಲು ಅಲ್ಲಿ ಅವಕಾಶವಿರುವುದರಿಂದ ಕಣ್ಣಳತೆಯ ಮೋಸಕ್ಕೆ ಉತ್ತರವೂ ಸಿಕ್ಕಂತಾಗಿದೆ.

ವೀರ್ಯವನ್ನೂ ಭ್ರೂಣವನ್ನೂ ದ್ರವಸಾರಜನಕದಲ್ಲಿ ವರ್ಷಗಟ್ಟಲೆ ಇಡಬಹುದಾದರೆ ಹೃದಯವನ್ನೇಕೆ ಇಡಬಾರದೆಂಬ ಪ್ರಶ್ನೆ ಸಹಜವಾದದ್ದು. ಉತ್ತರ ಗಾತ್ರದಲ್ಲಿದೆ. ನೀರು ಮಂಜಾಗುವಾಗ ಮೂಡುವ ಹರಳುಗಳು ಕೋಶಗಳನ್ನೂ ಅವುಗಳ ನಡುವಿನ ಹೆಣಿಗೆಯನ್ನೂ ಸೀಳುತ್ತವೆ. ಹರಳು ಕಟ್ಟಗೊಡದೆ ದ್ರವವನ್ನು ಗಾಜಿನಂತೆ ಗಟ್ಟಿಗೊಳಿಸುವ ವಿಧಾನವಿದ್ದರೂ, ಅದಕ್ಕೆ ಬೇಕಾದ ರಕ್ಷಕ ರಾಸಾಯನಿಕಗಳು ಹೆಚ್ಚಾದರೆ ವಿಷ, ಕಡಿಮೆಯಾದರೆ ವ್ಯರ್ಥ. ತಂಪುಗೊಳಿಸುವುದಕ್ಕಿಂತ ಮತ್ತೆ ಬೆಚ್ಚಗಾಗಿಸುವುದು ಇನ್ನೂ ಕಷ್ಟ, ಏಕೆಂದರೆ ಹೊರಭಾಗ ಬೇಗ ಕಾದು ಒಳಭಾಗ ಹಿಂದುಳಿದರೆ ಅಂಗ ಬಿರುಕು ಬಿಡುತ್ತದೆ. ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಜಾನ್ ಬಿಷಫ್ ಮತ್ತು ಎರಿಕ್ ಫಿಂಗರ್ ಅವರ ತಂಡ ಅತಿಸೂಕ್ಷ್ಮ ಕಬ್ಬಿಣದ ಆಕ್ಸೈಡಿನ ಕಣಗಳನ್ನು ರಕ್ತನಾಳಗಳಲ್ಲಿ ತುಂಬಿ, ಕಾಂತಕ್ಷೇತ್ರದಿಂದ ಅವುಗಳನ್ನು ಕಾಯಿಸಿ ಅಂಗವನ್ನು ಒಳಗಿನಿಂದಲೇ ಏಕರೀತಿಯಲ್ಲಿ ಬೆಚ್ಚಗಾಗಿಸಿತು. ಹೀಗೆ ನೂರು ದಿನಗಳವರೆಗೆ ಇಟ್ಟಿದ್ದ ಇಲಿಗಳ ಮೂತ್ರಪಿಂಡಗಳು ಕಸಿಯ ಬಳಿಕ ಕೆಲಸ ಮಾಡಿದವೆಂದು 2023ರಲ್ಲಿ ಪ್ರಕಟವಾಯಿತು. ಇಲಿಯ ಮೂತ್ರಪಿಂಡದಿಂದ ಮನುಷ್ಯನದಕ್ಕೆ ದಾಟುವ ದಾರಿ ಉದ್ದವಾದದ್ದು; ಆದರೂ ಅಂಗಗಳ ಬ್ಯಾಂಕು ಎಂಬುದು ಇನ್ನು ಬರಿಯ ಕಲ್ಪನೆಯಲ್ಲ. ಬೋಸ್ಟನ್‌ನ ಇನ್ನೊಂದು ತಂಡ ಹರಳಾಗದಂತೆಯೇ ಮನುಷ್ಯರ ಲಿವರ್ ಅನ್ನು ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗಿಟ್ಟು, ಅದರ ಉಳಿವನ್ನು 27 ಗಂಟೆಗೆ ಚಾಚಿದೆ.

ಕರ್ನಾಟಕದ ಜನಕ್ಕೆ ಅತ್ಯಂತ ಪರಿಚಿತವಾದ ದಾನದಲ್ಲಿ ಈ ಅವಸರವಿಲ್ಲ. ಡಾ. ರಾಜ್‌ಕುಮಾರ್ ಅವರ ಕಣ್ಣುಗಳು 2006ರಲ್ಲಿ, ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು 2021ರಲ್ಲಿ ದಾನವಾದ ಮೇಲೆ ನೇತ್ರದಾನದ ಮಾತು ಹಳ್ಳಿಹಳ್ಳಿಗೂ ಮುಟ್ಟಿತು. ಕಾರ್ನಿಯಾವನ್ನು ಮುಂಪದರ ಹಿಂಪದರಗಳಾಗಿ ಬೇರ್ಪಡಿಸಿ ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಕೊಡಲಾಯಿತು. ಕಣ್ಣಿನ ಮುಂಭಾಗದ ಈ ಪಾರದರ್ಶಕ ಪೊರೆಯಲ್ಲಿ ರಕ್ತನಾಳಗಳೇ ಇಲ್ಲ, ಅದು ಆಮ್ಲಜನಕವನ್ನು ಬಹುಪಾಲು ಗಾಳಿಯಿಂದಲೇ ಪಡೆಯುತ್ತದೆ. ಆದ್ದರಿಂದ ಹೃದಯ ನಿಂತು ಆರು ಗಂಟೆಯೊಳಗೆ ತೆಗೆದರೂ ಸಾಕು. ಮೆಕ್‌ಕ್ಯಾರಿ ಮತ್ತು ಕೌಫ್‌ಮನ್ 1974ರಲ್ಲಿ ರೂಪಿಸಿದ ಪೋಷಕ ದ್ರವದಲ್ಲಿ ನಾಲ್ಕು ದಿನ, ಮುಂದೆ ಬಂದ ದ್ರವಗಳಲ್ಲಿ ಎರಡು ವಾರದವರೆಗೆ ಅದನ್ನು ಇಡಬಹುದು. ನೇತ್ರದಾನ ಜನಪ್ರಿಯವಾದುದಕ್ಕೆ ನಟರ ಮಾದರಿಯಷ್ಟೇ ಈ ಎರಡು ವಾರಗಳೂ ಕಾರಣವೆಂಬುದನ್ನು ಮರೆಯುವಂತಿಲ್ಲ.

ಹೃದಯಕ್ಕೆ ಅಂಥ ಬಿಡುವಿಲ್ಲ. 2014ರಲ್ಲಿ ಬೆಂಗಳೂರಿನಿಂದ ಚೆನ್ನೈಗೆ ಹೃದಯವೊಂದು ಹೋದಾಗ ಎರಡೂ ನಗರಗಳಲ್ಲಿ ಪೊಲೀಸರು ಆಂಬುಲೆನ್ಸ್‌ಗೆ ರಸ್ತೆ ಬಿಡಿಸಿಕೊಟ್ಟದ್ದು ಸುದ್ದಿಯಾಗಿತ್ತು. ಹಸಿರು ಕಾರಿಡಾರ್ ಎಂಬ ಆ ವ್ಯವಸ್ಥೆ ಈಗ ರಾಜ್ಯದಲ್ಲಿ ಪರಿಚಿತವಾಗಿದೆ. 2025ರ ಆಗಸ್ಟ್‌ನಲ್ಲಿ ಲಿವರ್ ಒಂದು ವೈಟ್‌ಫೀಲ್ಡ್‌ನಿಂದ ರಾಜರಾಜೇಶ್ವರಿನಗರಕ್ಕೆ ನಮ್ಮ ಮೆಟ್ರೊದಲ್ಲಿಯೇ ಪ್ರಯಾಣ ಮಾಡಿತು. ಮಿದುಳು ಸತ್ತ ದಾನಿಗಳ ಅಂಗಗಳನ್ನು ಸರತಿಯಂತೆ ಹಂಚುವ ಹೊಣೆ ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆಯದು. ಅದರ ಪಟ್ಟಿಯಲ್ಲಿ ರೋಗಿಯ ಸರತಿ ಎಷ್ಟೇ ನ್ಯಾಯವಾಗಿರಲಿ, ಕಲಬುರಗಿಯಿಂದ ಬೆಂಗಳೂರಿಗಿರುವ ಸುಮಾರು 600 ಕಿಲೋಮೀಟರ್ ರಸ್ತೆಯನ್ನು ಹೃದಯದ ನಾಲ್ಕು ಗಂಟೆಗಳು ಒಪ್ಪುವುದಿಲ್ಲ, ವಿಮಾನ ಸಿಗದಿದ್ದರೆ ಆ ಹೃದಯ ಯಾರಿಗೂ ಇಲ್ಲ. ಪೊಲೀಸರ ಶಿಳ್ಳೆಯಿಂದ ಗಳಿಸುವುದು ನಿಮಿಷಗಳನ್ನು; ಗಂಟೆಗಳನ್ನು ಗಳಿಸಿಕೊಡುವುದು ದ್ರಾವಣ ಮತ್ತು ಯಂತ್ರ. ಮೊದಲನೆಯದಕ್ಕೆ ದೊರೆಯುವ ಪ್ರಚಾರದ ಒಂದಂಶವೂ ಎರಡನೆಯದಕ್ಕೆ ದೊರೆತಿಲ್ಲ.

ಇದಕ್ಕೊಂದು ಕಾರಣ ಭಾರತದ ಕಸಿಯ ಸ್ವರೂಪದಲ್ಲಿಯೇ ಇದೆ. ಮಿದುಳಿನ ಸಾವನ್ನು ಕಾನೂನು ಒಪ್ಪಿದ್ದು 1994ರ ಮಾನವ ಅಂಗಾಂಗ ಕಸಿ ಕಾಯಿದೆಯಿಂದ. ಆದರೂ ಇಲ್ಲಿನ ಬಹುಪಾಲು ಕಸಿಗಳಿಗೆ ಅಂಗ ಕೊಡುವವರು ಇಂದಿಗೂ ಬದುಕಿರುವ ಬಂಧುಗಳು, ಅವರಲ್ಲಿಯೂ ತಾಯಂದಿರು ಮತ್ತು ಹೆಂಡತಿಯರು ಹೆಚ್ಚು. ದಾನಿಯೂ ರೋಗಿಯೂ ಅಕ್ಕಪಕ್ಕದ ಕೊಠಡಿಗಳಲ್ಲಿ ಮಲಗಿರುವಾಗ ಮೂತ್ರಪಿಂಡ ದಾಟಬೇಕಾದ ದೂರ ಕೆಲವು ಹೆಜ್ಜೆಗಳಷ್ಟೇ ಆಗಿರುವುದರಿಂದ, ಒಂದು ಬಟ್ಟಲು ಮಂಜು ಮತ್ತು ಒಂದು ಬಾಟಲಿ ದ್ರಾವಣ ಸಾಕಾಗುತ್ತವೆ. ಯಂತ್ರಕ್ಕೆ ಬೇಡಿಕೆಯೇ ಹುಟ್ಟುವುದಿಲ್ಲ. ಬೇಡಿಕೆ ಇಲ್ಲದ್ದರಿಂದ ಯಂತ್ರಗಳು ಬಹುಮಟ್ಟಿಗೆ ಆಮದಿನವಾಗಿಯೇ ಉಳಿದಿವೆ, ಒಂದು ಅಂಗಕ್ಕೆ ಒಮ್ಮೆ ಮಾತ್ರ ಬಳಸಿ ಬಿಸಾಡಬೇಕಾದ ಅವುಗಳ ನಳಿಕೆ ಮತ್ತು ಫಿಲ್ಟರುಗಳ ಬೆಲೆಯೇ ಸಾಮಾನ್ಯ ಕುಟುಂಬದ ಅಳವಿಗೆ ಮೀರಿದ್ದು, ಆ ವೆಚ್ಚ ರೋಗಿಯ ಬಿಲ್ಲಿಗೆ ಸೇರಬೇಕೋ ಅಂಗ ಹಂಚುವ ಸಾರ್ವಜನಿಕ ವ್ಯವಸ್ಥೆಯೇ ಅದನ್ನು ಭರಿಸಬೇಕೋ ಎಂಬುದು ಇತ್ಯರ್ಥವಾಗದೆ ಜಿಲ್ಲಾ ಕೇಂದ್ರಗಳ ದಾನಿಗಳ ಹೃದಯ, ಶ್ವಾಸಕೋಶಗಳು ಪಟ್ಟಿಯ ಮೊದಲ ರೋಗಿಯನ್ನು ತಲುಪುವಂತಾಗುವುದಿಲ್ಲ.